ಅಟ್ಟದಿಂದಿಳಿದ ಪಿಟೀಲು: ರಿಪೇರಿಗೆ ಕೊಡುವ ಮುನ್ನ

ಮುಂಬೈಯಲ್ಲಿ ಹಳೇ ಪಿಟೀಲು ಕೈಗೆ ಬರುವುದು ಸಾಮಾನ್ಯವಾಗಿ ಎರಡು ದಾರಿಯಲ್ಲಿ. ಒಂದೋ ಮನೆಯ ಪೋಟ್‌ಮಾಳಾದಲ್ಲಿ, ಅಂದರೆ ಅಟ್ಟದಲ್ಲಿ, ಗಣಪತಿ ಮಖರದ (ಅಲಂಕಾರದ ಮಂಟಪದ) ಸಾಮಾನಿನ ಹಿಂದೆ ಸಿಗುತ್ತದೆ, ಇಲ್ಲವೇ ಚೋರ್ ಬಜಾರಿನ ಮಟನ್ ಸ್ಟ್ರೀಟಿನಲ್ಲಿ ನಿಂತುಹೋದ ಗಡಿಯಾರಗಳ ಪಕ್ಕದಲ್ಲಿ. ಮಗಳನ್ನು ಮಾಟುಂಗದಲ್ಲೋ ಚೆಂಬೂರಿನಲ್ಲೋ ಪಾಠಕ್ಕೆ ಸೇರಿಸಿಯಾಗಿದೆ. ಹೊಸದು ಕೊಳ್ಳುವ ಬದಲು ಇದನ್ನೇ ಸರಿಮಾಡಿಸಬಾರದೇ ಎಂದು ಮನೆಯಲ್ಲಿ ಮಾತು ಏಳುತ್ತದೆ.

ಚಿಕ್ಕ ಉತ್ತರ ಇಷ್ಟು: ಮೇಲಿನ ಹಲಗೆ ಬಿಚ್ಚದೆ ಮುಗಿಯುವ ಕೆಲಸವಾದರೆ ಮಾಡಿಸಿ. ಬಿಚ್ಚಲೇಬೇಕು ಎಂದಾದರೆ ಅಗ್ಗದ ಪಿಟೀಲಿಗೆ ಆ ಖರ್ಚು ಬೇಡ. ನಿಮ್ಮ ವಾದ್ಯ ಈ ಗೆರೆಯ ಯಾವ ಕಡೆಗಿದೆ ಎಂದು ಮನೆಯಲ್ಲೇ ಅರ್ಧ ಗಂಟೆಯಲ್ಲಿ ನೋಡಿಕೊಳ್ಳಬಹುದು. ಅದಕ್ಕೆ ಮೊಬೈಲಿನ ಟಾರ್ಚು, 30 ಸೆಂ.ಮೀ. ಉಕ್ಕಿನ ಸ್ಕೇಲು, ಒಂದು ವಿಸಿಟಿಂಗ್ ಕಾರ್ಡು, ಒದ್ದೆ ಮಾಡಿದ ಬಿಳಿ ಬಟ್ಟೆ, ದೀಪಾವಳಿಗೆ ತಂದ ಬ್ಯಾಟರಿಯ ಎಲ್‌ಇಡಿ ಸರ ಮತ್ತು ಒಂದು ಹಿಡಿ ಅಕ್ಕಿ ಬೇಕು. ಹೌದು, ಅಕ್ಕಿಯೇ.

ಮೊದಲ ಕೆಲಸ: ತಂತಿ ಬಿಗಿಯದೇ ಇರುವುದು

ಪೆಟ್ಟಿಗೆ ತೆರೆದ ಕೂಡಲೇ ಎಲ್ಲರ ಕೈಯೂ ತಂತಿ ಬಿಗಿಯುವ ಬಿರಡೆಗೇ ಹೋಗುತ್ತದೆ. ಅಲ್ಲೇ ತಡೆಯಿರಿ. ಶ್ರುತಿಗೆ ಬಂದ ನಾಲ್ಕು ತಂತಿಗಳ ಒಟ್ಟು ಎಳೆತ ಸುಮಾರು 22ರಿಂದ 25 ಕಿಲೋ. ಅದರಲ್ಲಿ 7ರಿಂದ 9 ಕಿಲೋದಷ್ಟು ಭಾರ ಕುದುರೆಯ, ಅಂದರೆ ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡಿನ, ಮೂಲಕ ಮೇಲಿನ ಹಲಗೆಯನ್ನು ಒತ್ತುತ್ತಿರುತ್ತದೆ. ಈ ಒತ್ತಡಕ್ಕೆ ಒಳಗಿನಿಂದ ಹೆಗಲು ಕೊಡುವುದು ಸೌಂಡ್ ಪೋಸ್ಟ್ ಎಂಬ ಪೆನ್ಸಿಲಿಗಿಂತ ಸಣ್ಣ ಕಡ್ಡಿ. ಅದನ್ನು ಅಂಟಿಸಿರುವುದಿಲ್ಲ, ಬರೀ ಬಿಗಿಯ ಮೇಲೆ ನಿಂತಿರುತ್ತದೆ. ವರ್ಷಗಟ್ಟಲೆ ತಂತಿ ಸಡಿಲವಾಗಿ ಬಿದ್ದಿದ್ದ ವಾದ್ಯದಲ್ಲಿ ಅದು ಉರುಳಿಬಿದ್ದಿರುವ ಸಾಧ್ಯತೆಯೇ ಹೆಚ್ಚು. ಕಡ್ಡಿಯಿಲ್ಲದೆ ಶ್ರುತಿ ಏರಿಸಿದರೆ ಹಲಗೆ ಕುಸಿಯುತ್ತದೆ, ಸೀಳಲೂಬಹುದು.

ಸಣ್ಣ ತಂತಿಯ ಬದಿಯ ಎಫ್ (f) ಆಕಾರದ ರಂಧ್ರದಲ್ಲಿ ಟಾರ್ಚು ಬಿಟ್ಟು ನೋಡಿ: ಕಡ್ಡಿ ನಿಂತಿದೆಯೇ? ಮೆಲ್ಲಗೆ ಅಲುಗಿಸಿದಾಗ ಒಳಗೆ ಏನೋ ಉರುಳಿದ ಸದ್ದು ಬಂದರೆ ಅದೇ ಕಡ್ಡಿ. ಅದೊಂದೇ ಆದರೆ ಚಿಂತೆಯಿಲ್ಲ, ಮತ್ತೆ ನಿಲ್ಲಿಸುವುದು ರಿಪೇರಿಯವರಿಗೆ ಹತ್ತು ನಿಮಿಷದ ಕೆಲಸ. ಎಲ್ಲ ತಂತಿ ಸಡಿಲಿಸಿ, ಕುದುರೆ ತೆಗೆದಿಡಿ. ಟೇಲ್‌ಪೀಸಿನ (ತಂತಿಗಳ ಕೆಳತುದಿ ಸಿಕ್ಕಿಸಿರುವ ಪಟ್ಟಿಯ) ಕೆಳಗೆ ಮಡಚಿದ ಬಟ್ಟೆ ತುರುಕಿ. ಇಲ್ಲದಿದ್ದರೆ ಅದರ ಮೇಲಿನ ಫೈನ್ ಟ್ಯೂನರ್ ಎಂಬ ಶ್ರುತಿ ತಿರುಪಿನ ಲೋಹದ ಮೂತಿ ವಾರ್ನಿಷನ್ನು ಕೆತ್ತುತ್ತದೆ.

ಕೈಯಲ್ಲಿರುವುದು ಏನು?

ಒಳಗಿನ ಚೀಟಿ ಓದಿ ಹಿಗ್ಗಬೇಡಿ. ‘ಆಂಟೋನಿಯಸ್ ಸ್ಟ್ರಾಡಿವೇರಿಯಸ್’ ಎಂದು ಅಚ್ಚಾದ ಚೀಟಿ ಲಕ್ಷಾಂತರ ಕಾರ್ಖಾನೆ ಪಿಟೀಲುಗಳಲ್ಲಿದೆ. ಮಾದರಿ ಯಾರದು ಎಂಬುದಷ್ಟೇ ಅದರ ಅರ್ಥ. ಸ್ಟ್ರಾಡಿವರಿ ತೀರಿಕೊಂಡದ್ದು 1737ರಲ್ಲಿ. ಅದೇ ಚೀಟಿಯ ಕೆಳಗೆ ‘ಮೇಡ್ ಇನ್ ಜರ್ಮನಿ’ ಎಂದು ಇಂಗ್ಲಿಷಿನಲ್ಲಿದ್ದರೆ ಲೆಕ್ಕ ನೀವೇ ಹಾಕಿಕೊಳ್ಳಿ. ಇಲ್ಲಿ ಕಾಣಸಿಗುವ ಅಗ್ಗದ ವಾದ್ಯಗಳು ಬಹುತೇಕ ಜರ್ಮನಿಯ ಮಾರ್ಕ್‌ನಾಯ್‌ಕಿರ್ಖೆನ್ ಸುತ್ತಲಿನ ಹಳೇ ವ್ಯಾಪಾರಿ ಮಾಲು, ಚೀನಾದ ಮಾಲು, ಇಲ್ಲವೇ ನಮ್ಮ ಉತ್ತರ ಪ್ರದೇಶದ ರಾಂಪುರದಲ್ಲಿ ಮಾಡಿದವು. ಮೂರರಲ್ಲೂ ನುಡಿಯುವ ವಾದ್ಯಗಳಿವೆ, ಸೌದೆಯೂ ಇದೆ.

ಹಿಂಬದಿಯ ಹಲಗೆಯ ಉದ್ದ ಅಳೆಯಿರಿ. ಕತ್ತು ಕೂಡುವಲ್ಲಿರುವ ದುಂಡು ನಾಲಗೆಯನ್ನು ಬಿಟ್ಟು, ಅಲ್ಲಿಂದ ಕೆಳ ಅಂಚಿನವರೆಗೆ. 355 ಮಿ.ಮೀ. ಆಸುಪಾಸು ಇದ್ದರೆ ಪೂರ್ಣ ಅಳತೆ, 335ರ ಹತ್ತಿರ ಮುಕ್ಕಾಲು, 310ರ ಹತ್ತಿರ ಅರ್ಧ. ಮಕ್ಕಳ ಅಳತೆಯದಾದರೆ ರಿಪೇರಿಯ ಫಲ ಎರಡು ವರ್ಷಕ್ಕೆ ಮುಗಿಯುತ್ತದೆ, ಮಗು ಬೆಳೆಯುತ್ತದಲ್ಲ.

ಅಂಚಿನ ಜೋಡಿ ಕಪ್ಪು ಗೆರೆಯನ್ನು, ಅಂದರೆ ಪರ್ಫ್ಲಿಂಗನ್ನು ಉಗುರಿನಿಂದ ಸವರಿ. ನಿಜವಾದದ್ದಾದರೆ ಮರದಲ್ಲಿ ಕೊರೆದು ಕೂರಿಸಿದ ಪಟ್ಟಿ, ಅಂಚಿನ ಬಿರುಕು ಒಳಗೆ ನುಗ್ಗದಂತೆ ತಡೆಯುತ್ತದೆ. ಬಳಿದ ಬಣ್ಣವಾಗಿದ್ದರೆ ಅತಿ ಅಗ್ಗದ ಮಾಲು. ತಂತಿಯ ಕೆಳಗೆ ಬೆರಳು ಒತ್ತುವ ಕಪ್ಪು ಹಲಗೆಯನ್ನು, ಅಂದರೆ ಫಿಂಗರ್ ಬೋರ್ಡನ್ನು, ಒದ್ದೆ ಬಟ್ಟೆಯಿಂದ ಒಂದು ಮೂಲೆಯಲ್ಲಿ ಉಜ್ಜಿ. ಬಟ್ಟೆ ಕಪ್ಪಾದರೆ ಅದು ಎಬೊನಿ ಎಂಬ ಗಟ್ಟಿ ಕರಿಮರವಲ್ಲ, ಮೆತ್ತನೆಯ ಮರಕ್ಕೆ ಹಚ್ಚಿದ ಬಣ್ಣ. ಅಂಥ ಹಲಗೆಯಲ್ಲಿ ತಂತಿ ಬೇಗ ಹಳ್ಳ ತೋಡುತ್ತದೆ. ನಮ್ಮ ಸಂಗೀತದಲ್ಲಿ ಬೆರಳು ಜಾರುತ್ತಲೇ ಇರಬೇಕಾದ್ದರಿಂದ ಹಳ್ಳಬಿದ್ದ ಹಲಗೆಯಲ್ಲಿ ಗಮಕ ತಡವರಿಸುತ್ತದೆ, ತಂತಿ ಜಿರ್ ಎನ್ನುತ್ತದೆ. ಎಬೊನಿಯಾದರೆ ರಂಧಾ (ಉಜ್ಜುಗೊರಡು) ಹೊಡೆದು ಸಮಮಾಡಬಹುದು. ಬಣ್ಣದ ಹಲಗೆಯಲ್ಲಿ ರಂಧಾ ಹೊಡೆದರೆ ಬಿಳಿ ಮರ ಹಲ್ಲು ಕಿರಿಯುತ್ತದೆ.

ಈಗ ಅಕ್ಕಿ. ಒಣಗಿದ ಅಕ್ಕಿಯನ್ನು ಎಫ್ ರಂಧ್ರದಲ್ಲಿ ಸುರಿದು, ವಾದ್ಯವನ್ನು ತೊಟ್ಟಿಲಿನಂತೆ ತೂಗಿ, ಬೋರಲು ಹಾಕಿ ಕೊಡವಿ. ವರ್ಷಗಳ ದೂಳು, ಜೇಡರ ಬಲೆ ಎಲ್ಲ ಅಕ್ಕಿಗೆ ಅಂಟಿ ಹೊರಬರುತ್ತದೆ. ಕೆಳಗೆ ಬಿಳಿ ಕಾಗದ ಹಾಸಿರಿ. ಅಕ್ಕಿಯ ಜೊತೆ ನಯವಾದ ತಿಳಿ ಹಳದಿ ಮರದ ಪುಡಿ ಬಿದ್ದರೆ, ಮೈಮೇಲೆ ಗುಂಡುಸೂಜಿ ಚುಚ್ಚಿದಂಥ ತೂತುಗಳಿದ್ದರೆ, ಒಳಗೆ ಹುಳು ಇನ್ನೂ ಮೇಯುತ್ತಿದೆ. ತಪಾಸಣೆ ಅಲ್ಲಿಗೇ ನಿಲ್ಲಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬೇರೆ ಮರದ ಸಾಮಾನಿನಿಂದ ದೂರವಿಡಿ.

ಅಂಚಿನ ಸುತ್ತ ಗೆಣ್ಣು ಬಡಿಯಿರಿ

ಬೆರಳಿನ ಗೆಣ್ಣಿನಿಂದ ಅಂಚಿನ ಸುತ್ತಲೂ ಎರಡೆರಡು ಸೆಂಟಿಮೀಟರಿಗೆ ಒಮ್ಮೆ ಮೆಲ್ಲಗೆ ಬಡಿಯುತ್ತ ಹೋಗಿ. ಗಟ್ಟಿ ಇರುವಲ್ಲಿ ಟಕ್ ಎನ್ನುತ್ತದೆ, ಅಂಟು ಬಿಟ್ಟಿರುವಲ್ಲಿ ಸಡಿಲ ಮುಚ್ಚಳದಂತೆ ಕಟಕಟ ಎನ್ನುತ್ತದೆ. ಅಲ್ಲಿ ವಿಸಿಟಿಂಗ್ ಕಾರ್ಡಿನ ಮೂಲೆ ಒಳಹೋಗುತ್ತದೆಯೇ ನೋಡಿ.

ನಾಲ್ಕು ತಿಂಗಳ ಮಳೆ, ಉಳಿದ ತಿಂಗಳು ಏಸಿ. ಈ ಊರಿನಲ್ಲಿ ಅಂಟು ಬಿಡದ ಪಿಟೀಲೇ ಅಪರೂಪ. ಪಿಟೀಲನ್ನು ಕೂಡಿಸುವುದು ಪ್ರಾಣಿಗಳ ತೊಗಲಿನಿಂದ ಮಾಡಿದ ಸರಸ್ ಅಂಟಿನಿಂದ. ಅದು ತೇವಕ್ಕೆ, ಶಾಖಕ್ಕೆ ಸೋಲುತ್ತದೆ. ಸೋಲಬೇಕು ಎಂದೇ ಅದನ್ನು ಹಾಕುವುದು, ಅದೂ ಮೇಲಿನ ಹಲಗೆಗೆ ಬೇಕೆಂದೇ ತೆಳುವಾಗಿ. ಮರ ಹಿಗ್ಗಿ ಕುಗ್ಗಿದಾಗ ಹಲಗೆ ಸೀಳುವ ಬದಲು ಅಂಚು ಬಿಟ್ಟುಕೊಡಲಿ ಎಂಬ ಲೆಕ್ಕ. ಆದ್ದರಿಂದ ಅಂಚು ಬಿಟ್ಟಿದ್ದರೆ ಅದು ಒಳ್ಳೆಯ ಸುದ್ದಿಯೇ: ಪೆಟ್ಟು ಅಂಟಿಗೆ ಬಿದ್ದಿದೆ, ಮರ ಉಳಿದಿದೆ. ಬಿಸಿ ಸರಸ್ ಅನ್ನು ತೆಳು ಅಲಗಿನಿಂದ ಒಳತಳ್ಳಿ, ಕ್ಲಾಂಪ್ ಹಾಕಿ ಒಂದು ರಾತ್ರಿ ಬಿಟ್ಟರೆ ಮುಗಿಯಿತು. ರಿಪೇರಿಗಳಲ್ಲೆಲ್ಲ ಅಗ್ಗದ್ದು ಇದೇ.

ಇದನ್ನು ಮನೆಯಲ್ಲೇ ಫೆವಿಕಾಲ್ ಹಾಕಿ ಮುಗಿಸುವ ಆಸೆ ಬೇಡ. ಕಪಾಟಿಗೆ ಅದು ಒಳ್ಳೆಯ ಅಂಟು, ಪಿಟೀಲಿಗೆ ಅದರ ಗಟ್ಟಿತನವೇ ಕೇಡು. ಮುಂದಿನ ಸಲ ಅಂಚು ಬಿಡುವುದಿಲ್ಲ, ಮರವೇ ಹರಿಯುತ್ತದೆ. ಅದು ಮೆತ್ತಿದ ಜಾಗದಲ್ಲಿ ಸರಸ್ ಮತ್ತೆ ಹಿಡಿಯುವುದೂ ಇಲ್ಲ. ಅಂಚಿನಲ್ಲಿ ಬಿಳಿಚಿದ ರಬ್ಬರಿನಂಥ ಅಂಟೋ ಗಾಜಿನಂತೆ ಹೊಳೆಯುವ ಅರಾಲ್ಡೈಟೋ ಉಬ್ಬಿ ನಿಂತಿದ್ದರೆ ಹಿಂದೆ ಯಾರೋ ಆ ಕೆಲಸ ಮಾಡಿದ್ದಾರೆ. ಒಂದೆರಡು ಇಂಚಿನಷ್ಟಾದರೆ ನಿಭಾಯಿಸಬಹುದು. ಸುತ್ತಲೂ ಹಾಗೇ ಇದ್ದರೆ ವಾದ್ಯದ ಆಸೆ ಬಿಡಿ.

ಬಿರುಕು ಎಲ್ಲಿದೆ ಎಂಬುದೇ ತೀರ್ಪು

ಬಿರುಕಿನ ಉದ್ದಕ್ಕಿಂತ ಅದರ ಜಾಗ ಮುಖ್ಯ. ಕೋಣೆ ಕತ್ತಲು ಮಾಡಿ ಎಲ್‌ಇಡಿ ಸರವನ್ನು ಎಫ್ ರಂಧ್ರದಲ್ಲಿ ಇಳಿಬಿಡಿ. ಆರಪಾರ ಸೀಳಿದ್ದರೆ ಕೂದಲೆಳೆಯಂಥ ಬೆಳಕು ಹೊರಗೆ ಕಾಣುತ್ತದೆ. ವಾರ್ನಿಷಿನ ಗೀರು ಅಡ್ಡಾದಿಡ್ಡಿ ಹರಿಯುತ್ತದೆ, ನಿಜವಾದ ಬಿರುಕು ಮರದ ಎಳೆಯ ಜಾಡು ಹಿಡಿದು ನೇರ ಹೋಗುತ್ತದೆ. ಅನುಮಾನವಿದ್ದರೆ ಗೆರೆಯ ಒಂದು ಬದಿಯನ್ನು ಹೆಬ್ಬೆರಳಿನಿಂದ ಹಗುರವಾಗಿ ಒತ್ತಿ. ಒಂದು ತುಟಿ ತಗ್ಗಿ ಇನ್ನೊಂದು ನಿಂತರೆ ಬಿರುಕೇ.

ಅತಿ ಕೆಟ್ಟದ್ದು ಸೌಂಡ್ ಪೋಸ್ಟಿನ ಬಿರುಕು. ಸಣ್ಣ ತಂತಿಯ ಬದಿಯ ಕುದುರೆಗಾಲಿನ ಆಸುಪಾಸಿನಲ್ಲಿ ಮೇಲಿನ ಹಲಗೆಯಲ್ಲೋ, ಅದರ ನೇರಕ್ಕೆ ಹಿಂಬದಿಯ ಹಲಗೆಯಲ್ಲೋ ಇರುತ್ತದೆ. ಸುಮಾರು 6 ಮಿ.ಮೀ. ಅಡ್ಡಳತೆಯ ಕಡ್ಡಿ ಹಗಲೂ ರಾತ್ರಿ ಅಲ್ಲೇ ಒತ್ತುತ್ತಿರುವುದರಿಂದ ಬರೀ ಅಂಟು ನಿಲ್ಲುವುದಿಲ್ಲ. ಹಲಗೆ ಬಿಚ್ಚಿ, ಒಳಗೆ ಮರ ತೆಳುಮಾಡಿ ಹೊಸ ತೇಪೆ ಕೂರಿಸಬೇಕು. ಬೆಲೆಬಾಳುವ ವಾದ್ಯಕ್ಕೆ ಮಾಡುವ ಕೆಲಸ ಅದು. ಹಿಂಬದಿಯಲ್ಲಿ ಈ ಬಿರುಕು ಕಂಡರೆ ಮುಂದೆ ನೋಡುವುದೇ ಬೇಡ. ದಪ್ಪ ತಂತಿಯ ಬದಿಯಲ್ಲಿ ಒಳಗೆ ಅಂಟಿಸಿದ ಉದ್ದನೆಯ ಪಟ್ಟಿ, ಅಂದರೆ ಬೇಸ್ ಬಾರ್, ಅದರ ಗುಂಟ ಸೀಳಿದ್ದರೂ ಇದೇ ಮಾತು.

ಕೆಳ ಅಂಚಿನಲ್ಲಿ, ಟೇಲ್‌ಪೀಸಿನ ನಾರು ಹಾಯುವ ಕಪ್ಪು ತುಂಡಿನ ಪಕ್ಕದಿಂದ ಹೊರಟ ಬಿರುಕು ಅಷ್ಟು ಗಾಬರಿಯದಲ್ಲ. ಹಲಗೆ ಒಣಗಿ ಕುಗ್ಗುತ್ತದೆ, ಆ ತುಂಡು ಕುಗ್ಗುವುದಿಲ್ಲ, ನಡುವೆ ಸಿಕ್ಕ ಮರ ಸೀಳುತ್ತದೆ. ತುಂಡಿನ ತುದಿಗಳನ್ನು ಕೂದಲೆಳೆಯಷ್ಟು ಉಜ್ಜಿ ಜಾಗ ಬಿಟ್ಟು ಬಿರುಕಿಗೆ ಸರಸ್ ತುಂಬಿದರೆ ಸಾಕು. ಎಫ್ ರಂಧ್ರದ ರೆಕ್ಕೆಯ ಬಳಿಯ ಎರಡು ಮೂರು ಸೆಂಟಿಮೀಟರಿನ ಸ್ವಚ್ಛ ಬಿರುಕು, ಪಕ್ಕದ ಪಟ್ಟಿಯ ಸಣ್ಣ ಸೀಳು, ಇವೂ ಹೊರಗಿನಿಂದಲೇ ಮುಗಿಯುತ್ತವೆ. ‘ಸ್ವಚ್ಛ’ ಎಂದದ್ದು ಯಾಕೆಂದರೆ, ಬೆರಳಿಗೆ ಕೊಬ್ಬರಿ ಎಣ್ಣೆ ಸವರಿ ನುಡಿಸುವ ರೂಢಿ ನಮ್ಮಲ್ಲಿದೆ. ಎಣ್ಣೆ ಕುಡಿದ ಬಿರುಕು ಯಾವ ಅಂಟನ್ನೂ ಹಿಡಿಯುವುದಿಲ್ಲ.

ಬಿರಡೆಯ ಪೆಟ್ಟಿಗೆಯಲ್ಲಿ ತೂತಿನಿಂದ ತೂತಿಗೆ ಹರಿದ ಬಿರುಕನ್ನು ಪಾಶ್ಚಾತ್ಯ ಪದ್ಧತಿಯವರು ಅಂಟಿಸಿ ದಿನ ತಳ್ಳಬಹುದು. ಕರ್ನಾಟಕ ಪದ್ಧತಿಯಲ್ಲಿ ವಾದ್ಯದ ತುದಿಯ ಸುರುಳಿ ಕುಳಿತವರ ಪಾದದ ಮೇಲೆ ಊರಿರುತ್ತದೆ, ಗಾಯಕರು ಬದಲಾದಂತೆ ಬಿರಡೆ ತಿರುಗುತ್ತಲೇ ಇರುತ್ತದೆ. ಎರಡೂ ಕಡೆಯ ಒತ್ತಡ ಅದೇ ಬಿರುಕಿನ ಮೇಲೆ. ನಮ್ಮ ಮಟ್ಟಿಗೆ ಅದು ಬೇಡದ ಪಿಟೀಲು. ಸುರುಳಿಯ ತುದಿ ಮುಕ್ಕಾಗಿದ್ದರೂ ಸುಮ್ಮನೆ ಬಿಡಬೇಡಿ, ಚೂಪಾದ ಅಂಚು ಪಾದಕ್ಕೆ ಒತ್ತುತ್ತದೆ. ಉಜ್ಜಿ ನಯ ಮಾಡಿಸಿದರೆ ಸಾಕು.

ಕತ್ತು

ಉಕ್ಕಿನ ಸ್ಕೇಲನ್ನು ಫಿಂಗರ್ ಬೋರ್ಡಿನ ನಡುವೆ ಉದ್ದಕ್ಕೆ ಒರಗಿಸಿ, ಕುದುರೆ ನಿಲ್ಲುವ ಜಾಗದವರೆಗೆ ಚಾಚಿ. ಎರಡು ಎಫ್ ರಂಧ್ರಗಳ ಒಳಬದಿಯ ಕಚ್ಚುಗಳನ್ನು ಕೂಡಿಸುವ ಗೆರೆಯೇ ಆ ಜಾಗ. ಅಲ್ಲಿ ಸ್ಕೇಲಿನ ತಳ ಪಿಟೀಲಿನ ಮೇಲಿನ ಹಲಗೆಯಿಂದ ಎಷ್ಟು ಎತ್ತರದಲ್ಲಿದೆ? ಪೂರ್ಣ ಅಳತೆಯ ಪಿಟೀಲಿಗೆ 27 ಮಿ.ಮೀ. ಸರಿ. 25 ಇದ್ದರೆ ಕುದುರೆಯನ್ನು ತುಸು ಗಿಡ್ಡ ಮಾಡಿ ಸುಧಾರಿಸಬಹುದು. 23ಕ್ಕಿಂತ ಇಳಿದಿದ್ದರೆ ಕತ್ತು ಮುಂದಕ್ಕೆ ಬಾಗಿದೆ. ಕತ್ತನ್ನು ಕಿತ್ತು ಮತ್ತೆ ಕೂರಿಸುವುದು ದುಬಾರಿ ಕೆಲಸ. ಫಿಂಗರ್ ಬೋರ್ಡನ್ನಷ್ಟೇ ಎಬ್ಬಿಸಿ ಕೆಳಗೆ ಮರದ ಆಪು ಕೊಡುವುದು ಅಗ್ಗದ ಉಪಾಯ, ವಾದ್ಯ ಬೇರೆಲ್ಲ ರೀತಿಯಲ್ಲಿ ಗಟ್ಟಿಯಿದ್ದರೆ ಮಾತ್ರ.

ಕತ್ತಿನ ಬುಡ ಮತ್ತು ಹಿಂಬದಿಯ ದುಂಡು ನಾಲಗೆಯನ್ನು ಬೆಳಕಿನಲ್ಲಿ ನೋಡಿ. ಅಲ್ಲಿ ಗೆರೆ ತೆರೆದು ಮುಚ್ಚುತ್ತಿದ್ದರೆ, ಅಷ್ಟೂ ಕಿಲೋಗಳ ಎಳೆತವನ್ನು ಹಿಡಿದಿರುವ ಜಾಗವೇ ಬಿಟ್ಟಿದೆ ಎಂದರ್ಥ.

ಬಿರಡೆ

ಮಳೆಗಾಲದಲ್ಲಿ ಉಬ್ಬಿ ಕಚ್ಚಿಕೊಳ್ಳುವುದು, ಜನವರಿಯಲ್ಲಿ ಜಾರುವುದು, ಇಷ್ಟು ಎಲ್ಲ ಬಿರಡೆಗಳ ಜಾತಕದಲ್ಲೇ ಇದೆ. ಕಚ್ಚಿದ್ದಕ್ಕೆ ಪಕ್ಕಡ್ (ಇಕ್ಕಳ) ಹಾಕಬೇಡಿ. ಏಸಿ ಕೋಣೆಯಲ್ಲಿ ಒಂದು ದಿನ ಇಟ್ಟು ಆಮೇಲೆ ತಿರುಗಿಸಿ.

ಬಿರಡೆ ಹೊರತೆಗೆದು ನೋಡಿದರೆ ಪೆಟ್ಟಿಗೆಯ ಎರಡೂ ಗೋಡೆ ತಾಗುವಲ್ಲಿ ಎರಡು ಹೊಳಪಿನ ಉಂಗುರ ಇರಬೇಕು. ಒಂದೇ ಇದ್ದರೆ ಒಂದೇ ಗೋಡೆ ಹಿಡಿದಿದೆ, ಎಷ್ಟು ಒತ್ತಿದರೂ ಜಾರುತ್ತದೆ. ಎರಡೂ ಇದ್ದು ಜಾರುತ್ತಿದ್ದರೆ ಒಣ ಸೋಪು ಸವರಿ, ಮೇಲೆ ಸೀಮೆಸುಣ್ಣ ಹಚ್ಚಿ, ಒತ್ತಿ ತಿರುಗಿಸಿ. ಬಿರಡೆಯ ತಲೆ ಪೆಟ್ಟಿಗೆಯ ಗೋಡೆಗೇ ಬಂದು ತಾಗಿದ್ದರೆ ತೂತು ಹಿಗ್ಗಿದೆ. ಅದನ್ನು ಮರದಿಂದ ತುಂಬಿ ಹೊಸದಾಗಿ ಕೊರೆಯಬೇಕು. ಬಿರಡೆಯ ಇಳಿಜಾರು 30ಕ್ಕೆ 1, ಅದೇ ಇಳಿಜಾರಿನ ಕೊರೆಯುವ ಉಪಕರಣ ಇಲ್ಲದವರಿಗೆ ಈ ಕೆಲಸ ಕೊಡಬೇಡಿ. ಅಂದಾಜಿನಲ್ಲಿ ಡ್ರಿಲ್ ಹೊಡೆದ ತೂತಿನಲ್ಲಿ ಯಾವ ಬಿರಡೆಯೂ ನಿಲ್ಲುವುದಿಲ್ಲ. ಒಂದು ತೂತಾದರೆ ಸರಿ. ನಾಲ್ಕೂ ಹಾಗಿದ್ದರೆ ಅಗ್ಗದ ವಾದ್ಯದ ಬೆಲೆ ಅಲ್ಲೇ ಮುಗಿಯಿತು.

ಯಾವ ಶ್ರುತಿಗೆ?

ಇದನ್ನು ಯಾರೂ ಕೇಳುವುದಿಲ್ಲ, ತೀರ್ಮಾನ ಮಾತ್ರ ಇದರ ಮೇಲೇ ನಿಲ್ಲಬಹುದು. ಪಾಶ್ಚಾತ್ಯ ಪದ್ಧತಿಯ ಮಾಮೂಲು ಶ್ರುತಿಗೆ ಹೋಲಿಸಿದರೆ, ಎರಡು ಎರಡೂವರೆ ಮನೆ (ಹಾರ್ಮೋನಿಯಂ ಮನೆಗಳ ಲೆಕ್ಕ) ಶ್ರುತಿಯಲ್ಲಿ ಸ-ಪ-ಸ-ಪ ಕೂಡಿಸಿದ ಪಿಟೀಲಿನ ನಾಲ್ಕೂ ತಂತಿ ಸಡಿಲ. ಬಳಲಿದ ಮುದಿ ವಾದ್ಯ ಅಲ್ಲಿ ಹಾಯಾಗಿ ಬಾಳುತ್ತದೆ. ಹೆಣ್ಣುದನಿಗೆ ಐದೂವರೆ ಮನೆಗೆ ಏರಿಸಿದರೆ ದಪ್ಪ ತಂತಿಗಳೆರಡು ಪಾಶ್ಚಾತ್ಯ ಶ್ರುತಿಗಿಂತಲೂ ಅರ್ಧ ಸ್ವರ ಮೇಲೆ ಹೋಗುತ್ತವೆ. ಅಂಚು ಅಂಟಿಸಿದ, ಬಿರುಕು ಮುಚ್ಚಿದ ಪಿಟೀಲನ್ನು ಆ ಶ್ರುತಿಗೆ ದುಡಿಸುವುದು ಬೇಡ. ಪಾಠ ಯಾವ ಶ್ರುತಿಯಲ್ಲಿ ಎಂದು ಗುರುಗಳನ್ನು ಮೊದಲೇ ಕೇಳಿಕೊಳ್ಳಿ.

ಲೆಕ್ಕ

ಇಲ್ಲಿ ಜನ ಎರಡು ತಪ್ಪು ಮಾಡುತ್ತಾರೆ. ಒಂದು, ಆನ್‌ಲೈನಿನಲ್ಲಿ ಕಾಣುವ ಅತಿ ಅಗ್ಗದ ಹೊಸ ಪಿಟೀಲಿನ ಬೆಲೆಗೆ ರಿಪೇರಿಯನ್ನು ಹೋಲಿಸುವುದು. ಆ ಪಿಟೀಲು ಬಂದದ್ದೇ ನುಡಿಸಲು ಬರುವುದಿಲ್ಲ. ಕುದುರೆ ಎತ್ತರ, ಬಿರಡೆ ಒರಟು, ಕಡ್ಡಿ ಎಲ್ಲೋ. ಅದನ್ನೂ ಕೂರಿಸಿಕೊಡಲು ಕೂಲಿ ಬೇಕು. ಹೋಲಿಸಬೇಕಾದ್ದು ‘ಹೊಸದು ಮತ್ತು ಅದರ ಕೂಲಿ’ ಎರಡನ್ನೂ ಸೇರಿಸಿ.

ಎರಡನೆಯದು, ರಿಪೇರಿಯ ಬಿಲ್ಲನ್ನು ಒಂದೇ ಮೊತ್ತವಾಗಿ ನೋಡುವುದು. ತಂತಿ, ಟೇಲ್‌ಪೀಸು, ಪೆಟ್ಟಿಗೆ, ಕಮಾನು ಇವು ನಾಳೆ ಬೇರೆ ಪಿಟೀಲಿಗೂ ಬರುತ್ತವೆ. ಕುದುರೆ, ಕಡ್ಡಿ, ಬಿರಡೆ, ಅಂಟಿನ ಕೂಲಿ ಈ ವಾದ್ಯದಲ್ಲೇ ಕರಗಿಹೋಗುತ್ತವೆ. ಎರಡನೇ ಗುಂಪಿನ ಮೊತ್ತವಷ್ಟೇ ನಿಜವಾದ ರಿಪೇರಿ ಖರ್ಚು. ಉದಾಹರಣೆಗೆ ಬಿಲ್ಲು 4,500 ರೂಪಾಯಿ, ಅದರಲ್ಲಿ ತಂತಿ ಟೇಲ್‌ಪೀಸು ಸೇರಿ 2,300 ಎಂದುಕೊಳ್ಳಿ. ಉಳಿದದ್ದು 2,200. ಕೂರಿಸಿಕೊಟ್ಟ ಹೊಸ ಪಿಟೀಲು 10,000ಕ್ಕೆ ಸಿಗುವುದಾದರೆ ರಿಪೇರಿ ಲಾಭವೇ. ಕರಗುವ ಖರ್ಚು ಹೊಸದರ ಅರ್ಧ ಬೆಲೆ ದಾಟಿದರೆ ಬೇಡ.

ಕಮಾನಿನ ವಿಷಯ ಚುಟುಕಾಗಿ: ಮುಚ್ಚಿದ ಪೆಟ್ಟಿಗೆಯಲ್ಲಿ ಕುದುರೆಕೂದಲನ್ನು ಹುಳು ಕಡಿದಿರುತ್ತದೆ. ಕೋಲು ನೇರವಿದ್ದು ಕೂದಲಿನ ಕಡೆಗೆ ಬಾಗು ಉಳಿದಿದ್ದರೆ ಹೊಸ ಕೂದಲು ಹಾಕಿಸಿ. ಕೋಲು ಪಕ್ಕಕ್ಕೆ ತಿರುಚಿದ್ದರೆ ಹೊಸ ಕಮಾನೇ ಅಗ್ಗ.

ಅಜ್ಜನ ಪಿಟೀಲು ಎಂಬ ಮಮತೆ ಈ ಲೆಕ್ಕಕ್ಕೆ ಸಿಗುವುದಿಲ್ಲ, ಸಿಗಬೇಕಾಗಿಯೂ ಇಲ್ಲ. ಅಂಥದ್ದನ್ನು ‘ನುಡಿಸಲಿಕ್ಕಲ್ಲ, ಇನ್ನಷ್ಟು ಹಾಳಾಗದಂತೆ ಮಾಡಿಕೊಡಿ’ ಎಂದು ಹೇಳಿ ಅಂಚು ಅಂಟಿಸಿಟ್ಟುಕೊಳ್ಳಿ. ಮಗುವಿಗೆ ಬೇರೆ ತನ್ನಿ.

ಅಂಗಡಿಯಲ್ಲಿ

ಮರೀನ್ ಲೈನ್ಸಿನಲ್ಲಿಳಿದು ಧೋಬಿ ತಲಾವಿನ ವಾದ್ಯದಂಗಡಿಗಳಲ್ಲಿ ವಿಚಾರಿಸಿ. ಗುರುಗಳು ತಮ್ಮ ವಾದ್ಯ ಯಾರ ಕೈಗೆ ಕೊಡುತ್ತಾರೋ ಅವರ ಹೆಸರು ಕೇಳಿಕೊಳ್ಳುವುದು ಇನ್ನೂ ಒಳ್ಳೆಯದು. ಲೋಕಲ್‌ನಲ್ಲಿ ಹನ್ನೊಂದರ ಮೇಲೆ ಹೋಗಿ, ಎಂಟೂವರೆಯ ಡೊಂಬಿವಲಿ ಗಾಡಿಯ ನೂಕುನುಗ್ಗಲಿನಲ್ಲಿ ಪಿಟೀಲು ಒಯ್ದರೆ ಬಿರುಕಿನ ಪಟ್ಟಿ ಬೆಳೆಯುತ್ತದೆ.

ಮೊದಲ ಪ್ರಶ್ನೆ ಬಂಬಯ್ಯಾ ಹಿಂದಿಯಲ್ಲೇ ಇರಲಿ: ‘ಸರಸ್ ಸೇ ಚಿಪಕಾತೇ ಹೋ ಯಾ ಫೆವಿಕಾಲ್ ಸೇ?’ ಉತ್ತರ ಎರಡನೆಯದಾದರೆ ನಮಸ್ಕಾರ ಹೇಳಿ ಹೊರಡಿ. ಕುದುರೆಯನ್ನು ಈ ಪಿಟೀಲಿನ ಉಬ್ಬಿಗೆ ಕೆತ್ತುತ್ತಾರೆಯೇ ಕೇಳಿ. ಕುದುರೆಗಾಲಿನ ಕೆಳಗೆ ಕಾಗದವೂ ತೂರಬಾರದು. ಬಿಲ್ಲನ್ನು ಕೆಲಸವಾರು ಬರೆಸಿಕೊಳ್ಳಿ. ವಾಪಸು ಕೊಳ್ಳುವಾಗ ಅಳೆಯಿರಿ: ಫಿಂಗರ್ ಬೋರ್ಡಿನ ತುದಿಯಲ್ಲಿ ದಪ್ಪ ತಂತಿ ಆ ಬೋರ್ಡಿನಿಂದ 5ರಿಂದ 5.5 ಮಿ.ಮೀ., ಸಣ್ಣ ತಂತಿ 3ರಿಂದ 3.5 ಮಿ.ಮೀ. ಮೇಲಿರಬೇಕು. ಬಿರಡೆಯ ಕಡೆ ತುದಿಯಲ್ಲಿ ತಂತಿಯ ಕೆಳಗೆ ವಿಸಿಟಿಂಗ್ ಕಾರ್ಡು ತೂರುವಷ್ಟೇ ಸಂದು. ಅಲ್ಲಿ ಎತ್ತರವಿದ್ದರೆ ಮಗುವಿನ ಬೆರಳು ನೋಯುತ್ತದೆ, ಸ್ವರವೂ ಏರುತ್ತದೆ. ಕಡ್ಡಿ ಸಣ್ಣ ತಂತಿಯ ಬದಿಯ ಕುದುರೆಗಾಲಿನ ಹಿಂದೆ 2-3 ಮಿ.ಮೀ. ದೂರದಲ್ಲಿ ನೇರ ನಿಂತಿರಬೇಕು.

ಮನೆಗೆ ಬಂದ ಮೇಲೆ

ಮೊದಲ ದಿನವೇ ಪೂರ್ತಿ ಶ್ರುತಿಗೆ ಏರಿಸಬೇಡಿ. ಎರಡು ಮೂರು ದಿನದಲ್ಲಿ ಹಂತಹಂತವಾಗಿ ಏರಿಸಿ, ನಾಲ್ಕು ತಂತಿಗಳನ್ನೂ ಒಟ್ಟೊಟ್ಟಿಗೆ. ತಂತಿ ಬಿಗಿದಷ್ಟೂ ಕುದುರೆಯ ತಲೆ ಬಿರಡೆಯ ಕಡೆಗೆ ವಾಲುತ್ತದೆ. ಹಾಗೇ ಬಿಟ್ಟರೆ ಒಂದು ರಾತ್ರಿ ಠಪ್ ಎಂದು ಬೀಳುತ್ತದೆ, ಬೀಳುವಾಗ ಹಲಗೆಗೆ ಗುದ್ದುತ್ತದೆ. ಪಿಟೀಲನ್ನು ತೊಡೆಯ ಮೇಲಿಟ್ಟು, ಎರಡೂ ಕೈಯ ಹೆಬ್ಬೆರಳು ತೋರುಬೆರಳಿನಿಂದ ಕುದುರೆಯ ಮೇಲ್ತುದಿ ಹಿಡಿದು ತುಸುತುಸುವೇ ಹಿಂದಕ್ಕೆ ಎಳೆಯಿರಿ. ಟೇಲ್‌ಪೀಸಿನ ಕಡೆಯ ಮುಖ ಹಲಗೆಗೆ ನೆಟ್ಟಗೆ ನಿಂತರೆ ಸರಿ. ಈ ಮುಖವನ್ನು ವಾರಕ್ಕೊಮ್ಮೆ ಪಕ್ಕದಿಂದ ನೋಡಿ. ಅಂಚಿನ ಸುತ್ತ ಗೆಣ್ಣು ಬಡಿಯುವುದನ್ನು ವರ್ಷಕ್ಕೆರಡು ಸಲ ಮಾಡಿ: ಜೂನಿನಲ್ಲಿ ಮೊದಲ ಮಳೆ ಬೀಳುವ ಮುಂಚೆ ಒಮ್ಮೆ, ಗಣಪತಿ ಕಳಿಸಿ ಮಖರವನ್ನು ಮತ್ತೆ ಅಟ್ಟಕ್ಕೇರಿಸುವ ದಿನ ಒಮ್ಮೆ.